ಔಷಧದ ಅಂಗಡಿಯವನ ಋಣ

ನಮ್ಮ ಹಳ್ಳಿಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಯಾರಿಗಾದರೂ ಬೇನೆ ಬಂದರೆ ನಾವು ಮೊದಲು ಎಲ್ಲಿಗೆ ಹೋಗುತ್ತೇವೆ? ವೈದ್ಯರ ಬಳಿಗೆ ಎಂದು ಬಾಯಿ ಹೇಳಿದರೂ ಕಾಲು ನಡೆಯುವದು ಔಷಧದ ಅಂಗಡಿಗೆ. ನವಲಗುಂದದಿಂದಲೂ ಅಣ್ಣಿಗೇರಿಯಿಂದಲೂ ಹುಬ್ಬಳ್ಳಿಯ ದೊಡ್ಡ ದವಾಖಾನೆಯು ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿರುತ್ತದೆ. ಮಳೆಗಾಲದಲ್ಲಿ ಬೆಣ್ಣಿಹಳ್ಳವಾಗಲಿ ತುಪ್ಪರಿಹಳ್ಳವಾಗಲಿ ತುಂಬಿ ಬಂದರೆ ದಾರಿಯೇ ನಿಂತುಹೋಗುವದುಂಟು. ಔಷಧದ ಅಂಗಡಿಯೋ ಸಂತೆಯ ಬೀದಿಯಲ್ಲಿಯೇ ಅದೆ. ಅಲ್ಲಿ ಸರದಿ ಕಾಯಬೇಕಾಗಿಲ್ಲ; ಅಂಗಡಿಯವನು ನಮ್ಮ ಗುರುತಿನವನು; ಕೈಯಲ್ಲಿ ಇದ್ದಷ್ಟು ಹಣಕ್ಕೆ ಎರಡು ಗುಳಿಗೆ ಕೊಟ್ಟು ಕಳುಹಿಸುವನು. ಆದದರಿಂದ ಅವನು ಬಯಸಲಿ ಬಯಸದೆ ಇರಲಿ, ಅಪಾಯದ ಗಳಿಗೆಯಲ್ಲಿ ನಮ್ಮನ್ನು ಮೊದಲು ನೋಡುವವನು ಅವನೇ ಆಗಿರುತ್ತಾನೆ.

ಹೀಗಿರಲಾಗಿ ಒಂದು ದೃಷ್ಟಾಂತವನ್ನು ಎತ್ತಿಕೊಳ್ಳೋಣ. ಕುಂದಗೋಳದ ಕಡೆಯ ಒಬ್ಬ ರೈತನು ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆ ಬರುತ್ತಾನೆಂದು ಭಾವಿಸಿರಿ. ಅವನ ಅಂಗಿಯು ಬೆವರಿನಿಂದ ತೊಯ್ದದೆ. ಅಂಗೈಯನ್ನು ಎದೆಯ ಮೇಲೆ ಒತ್ತಿಕೊಂಡಿದ್ದಾನೆ. ಅವನು ಅಂಗಡಿಯ ಹುಡುಗನಿಗೆ, “ತಮ್ಮಾ, ವಾಯು ಹಿಡಿದದೆ, ಒಂದು ಗುಳಿಗೆ ಕೊಡು,” ಅನ್ನುತ್ತಾನೆ. ಹುಡುಗನು, “ಆಗಲಿ ಕಾಕಾ,” ಎಂದು ಗುಳಿಗೆಯನ್ನು ಕೊಟ್ಟು ಹಣವನ್ನು ಪೆಟ್ಟಿಗೆಗೆ ಹಾಕುತ್ತಾನೆ. ಬೇನೆಯು ವಾಯುವಿನದೇ ಆಗಿದ್ದರೆ ಕೆಡುಕೇನೂ ಇಲ್ಲ. ಅದು ಹೃದಯದ್ದಾಗಿದ್ದರೆ, ಗುಳಿಗೆ ನುಂಗಿ ಹೊರಸಿನ ಮೇಲೆ ಮಲಗಿ ಕಳೆದ ಆ ತಾಸನ್ನು ಯಾವ ವೈದ್ಯನೂ ತಿರಿಗಿ ತಂದುಕೊಡಲಾರನು. ಹುಡುಗನು ಮೋಸ ಮಾಡಲಿಲ್ಲ, ಕಲಬೆರಕೆಯ ಮಾಲನ್ನು ಮಾರಲಿಲ್ಲ. ಕೇಳಿದ್ದನ್ನೇ ಕೊಟ್ಟನು. ಕೇಳಿದ್ದನ್ನು ಕೊಟ್ಟವನು ತನ್ನ ಕರ್ತವ್ಯವನ್ನು ತೀರಿಸಿದ ಹಾಗಾಯಿತೋ? ಇದೇ ನಾವು ಈ ದಿನ ವಿಚಾರಿಸತಕ್ಕ ಪ್ರಶ್ನೆ.

ಬೆಲ್ಲದ ಅಂಗಡಿಯಲ್ಲಾದರೆ ತೀರಿತೆಂದು ಹೇಳಬಹುದು. ಯಾಕಂದರೆ ಬೆಲ್ಲವನ್ನು ಕೊಳ್ಳುವವನು ಅದನ್ನು ಮೂಸಿ, ನಾಲಿಗೆಗೆ ಹಚ್ಚಿ, ಒಳ್ಳೇದೋ ಕೆಟ್ಟದ್ದೋ ತಾನೇ ತಿಳಿಯಬಲ್ಲನು. ಔಷಧವನ್ನು ಕೊಳ್ಳುವವನಿಗೆ ತನ್ನ ಬೇನೆಯ ಹೆಸರೂ ಗೊತ್ತಿಲ್ಲ, ಗುಳಿಗೆಯ ಗುಣವೂ ಗೊತ್ತಿಲ್ಲ. ಅವನು ಅಲ್ಲಿ ಕೊಳ್ಳುವದಕ್ಕಿಂತ ಹೆಚ್ಚಾಗಿ ನಂಬುತ್ತಾನೆ. ಒಬ್ಬನ ನಂಬಿಕೆಯನ್ನು ತಕ್ಕೊಂಡವನು ಅವನಿಗೆ ಸಾಲಗಾರನಾದನು. ನಮ್ಮ ದೇಶದ ಕಾನೂನೂ ಇದನ್ನು ಒಪ್ಪುತ್ತದೆ. 1948ನೇ ಇಸವಿಯ ಫಾರ್ಮಸಿ ಕಾಯಿದೆಯ ಪ್ರಕಾರ ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟನ ಹೊರತು ಬೇರೆ ಯಾರೂ ಸಿದ್ಧಮಾಡಿ ಕೊಡಕೂಡದು. ಡಿಪ್ಲೊಮಾ ಪಡೆಯುವವನು ಎರಡು ವರುಷ ಓದಿ, ಕಡಿಮೆಯೆಂದರೆ 500 ತಾಸು ಕೈಕೆಲಸದ ತರಬೇತಿಯನ್ನು ಹೊಂದಬೇಕು. 2015ರ ನಿಯಮಗಳು ಬೇನೆಯವರಿಗೆ ತಿಳಿಯಹೇಳುವದನ್ನು ಸಹ ಅವನ ಕೆಲಸಕ್ಕೆ ಸೇರಿಸಿವೆ. ಆದರೆ ಅಂಗಡಿಯ ಕಟ್ಟೆಯ ಹಿಂದೆ ಇಡೀ ದಿನ ನಿಲ್ಲುವವನು ಅನೇಕ ಸಾರಿ ಅವನ ಕೈಕೆಳಗಿನ ಹುಡುಗನು. ಆ ಹುಡುಗನಿಗೆ ಗುಳಿಗೆಯ ಹೆಸರೂ ಬೆಲೆಯೂ ಗೊತ್ತು. ಎದುರಿಗೆ ನಿಂತವನ ಅಪಾಯವು ಗೊತ್ತಿಲ್ಲ.

“ಹುಡುಗನು ದಯಾವಂತನಾಗಿದ್ದರೆ ಸಾಕಲ್ಲವೇ?” ಎಂದು ಕೆಲವರು ಕೇಳಬಹುದು. ಸಾಲದು. ಆಸ್ಪಿರಿನ್ ಎಂಬ ಗುಳಿಗೆಯನ್ನೇ ನೋಡಿರಿ. ಹೃದಯದ ರಕ್ತನಾಳವು ಮುಚ್ಚಿದವನಿಗೆ ವೈದ್ಯರು ಅದನ್ನು ಅಗಿದು ನುಂಗಲು ಕೊಡುತ್ತಾರೆ. ರಕ್ತ ಸೋರುವ ಬೇನೆಯುಳ್ಳವರಿಗೂ ಆ ಔಷಧ ಒಗ್ಗದವರಿಗೂ ಕೊಡುವದಿಲ್ಲ. ಆದರೆ ಮೋರೆ ಸೊಟ್ಟಾಗಿ, ಒಂದು ಕೈ ಜೋತುಬಿದ್ದು, ಮಾತು ತೊದಲುತ್ತಾ ಬಂದವನಿಗೆ ಲಕ್ವಾ ಹೊಡೆದಿರಬಹುದು. ಅವನ ಮಿದುಳಿನ ರಕ್ತನಾಳವು ಮುಚ್ಚಿದೆಯೋ ಒಡೆದಿದೆಯೋ ಎಂಬದು ತಲೆಯ ಸ್ಕ್ಯಾನ್ ಮಾಡದೆ ತಿಳಿಯದು. ಒಡೆದಿದ್ದರೆ ಅದೇ ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸೀತು. ಮುಚ್ಚಿದ್ದರೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಒಂದೇ ಗುಳಿಗೆ, ಒಂದೇ ದಯೆ; ಒಬ್ಬನನ್ನು ಉಳಿಸುವಂಥದು ಇನ್ನೊಬ್ಬನನ್ನು ಕೆಡಿಸುವದು. ತಿಳುವಳಿಕೆಯಿಲ್ಲದ ದಯೆಯು ಕುರುಡನ ಕೈಯಲ್ಲಿರುವ ಕುಡುಗೋಲಿನ ಹಾಗೆ.

ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಎರೆಭೂಮಿಯಲ್ಲಿ ಇನ್ನೊಂದು ಸಂಗತಿಯುಂಟು. ಹೊಲಕ್ಕೆ ಎಣ್ಣೆ ಹೊಡೆದು ಬಂದ ಆಳು, “ವಾಂತಿ ಆಗುತ್ತದೆ, ಗುಳಿಗೆ ಕೊಡು,” ಎಂದು ಬರುತ್ತಾನೆ. ಅವನ ಬಾಯಲ್ಲಿ ಜೊಲ್ಲು, ಮೈಯಲ್ಲಿ ಬೆವರು, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಚಿಕ್ಕದು. ಅದು ತಿಂದ ಅನ್ನದ ದೋಷವಲ್ಲ. ಚರ್ಮದ ಮೂಲಕ ಒಳಗೆ ಇಳಿದ ವಿಷವು. ಕಲಿತ ಹುಡುಗನು ಅವನ ತೊಯ್ದ ಬಟ್ಟೆಯನ್ನು ತೆಗೆಸಿ, ಮೈಯನ್ನು ಸಾಬೂನಿನಿಂದ ತೊಳೆಯಿಸಿ, ಎಣ್ಣೆಯ ಡಬ್ಬಿಯ ಸಂಗಡಲೇ ದವಾಖಾನೆಗೆ ಕಳುಹಿಸುವನು. ಕಲಿಯದ ಹುಡುಗನು ವಾಂತಿಯ ಗುಳಿಗೆ ಕೊಟ್ಟು ಮನೆಗೆ ಕಳುಹಿಸುವನು. ಇಬ್ಬರ ಮನಸ್ಸೂ ಒಳ್ಳೇದೇ.

ಅಲ್ಪವಾದ ತಿಳುವಳಿಕೆಯು ಎಷ್ಟು ಪ್ರಾಣಗಳನ್ನು ಉಳಿಸಬಲ್ಲದೆಂಬದಕ್ಕೆ ಒಂದು ಸಾಕ್ಷಿಯುಂಟು. 1971ರಲ್ಲಿ ಪೂರ್ವ ಬಂಗಾಳದ ಯುದ್ಧದಿಂದ ಓಡಿಬಂದ ಜನರಲ್ಲಿ ಪಟಕಿ ಬೇನೆ ಎದ್ದಿತು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲಾನೊಬಿಸ್ ಎಂಬವರಿಗೆ ನರಕ್ಕೆ ಏರಿಸುವ ಸಲಾಯಿನ್ ಸಾಲದೆ ಹೋಯಿತು. ಆಗ ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾಗಳನ್ನು ತೂಕದಂತೆ ನೀರಿನಲ್ಲಿ ಬೆರಸಿ, ಅದನ್ನು ಕುಡಿಸುವ ಕ್ರಮವನ್ನು ಬೇನೆಯವರ ತಾಯಂದಿರಿಗೂ ಅಣ್ಣತಮ್ಮಂದಿರಿಗೂ ಕಲಿಸಿದರು. ನೂರರಲ್ಲಿ ಸುಮಾರು 30 ಜನ ಸಾಯುತ್ತಿದ್ದಲ್ಲಿ ಆ ಸಂಖ್ಯೆಯು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಕುಡಿಸಿದವರು ವೈದ್ಯರಲ್ಲ, ಕಲಿತ ಸಾಮಾನ್ಯರು.

ಅದೇ ಬಗೆಯ ಪುಡಿಯು ಓ.ಆರ್.ಎಸ್. ಎಂಬ ಹೆಸರಿನಿಂದ ಈ ದಿನ ನಮ್ಮ ಅಂಗಡಿಗಳಲ್ಲಿ ಅದೆ. ಆದರೆ ಒಂದು ಲೀಟರ್ ನೀರಿಗೆಂದು ಕಟ್ಟಿದ 20.5 ಗ್ರಾಮಿನ ಪೊಟ್ಟಣವನ್ನು ಒಂದೇ ಲೋಟದಲ್ಲಿ ಕಲಸಿ ಕೂಸಿಗೆ ಕುಡಿಸಿದರೆ ಉಪ್ಪು ಮಿತಿಮೀರಿ ಕೇಡಾಗುವದು. ಆ ಹೆಸರು ಹೊತ್ತ ಬರೀ ಸಕ್ಕರೆಯ ಪಾನಕಗಳೂ ಮಾರಾಟವಾಗುತ್ತಿದ್ದದರಿಂದ, ಆಹಾರ ಸುರಕ್ಷತೆಯ ಪ್ರಾಧಿಕಾರವು 2025ರ ಅಕ್ಟೋಬರದಲ್ಲಿ ಅಂಥ ಹೆಸರನ್ನು ನಿಷೇಧಿಸಬೇಕಾಯಿತು. ಪೊಟ್ಟಣ ಕೊಡುವಾಗ “ಅಕ್ಕಾ, ಪೂರಾ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಹಾಕಿರಿ” ಎಂದು ಹೇಳುವದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಹೇಳುವವನಿಗೆ ಮೊದಲು ಯಾರಾದರೂ ಹೇಳಿಕೊಟ್ಟಿರಬೇಕು.

ಇದಕ್ಕೆ ಬುದ್ಧಿವಂತರು ಒಂದು ಆಕ್ಷೇಪಣೆಯನ್ನು ತರುತ್ತಾರೆ. ಅದೇನಂದರೆ, ಅಂಗಡಿಯ ಹುಡುಗನಿಗೆ ಸ್ವಲ್ಪ ಕಲಿಸಿದರೆ ಅವನು ತನ್ನನ್ನು ವೈದ್ಯನೆಂದು ಎಣಿಸಿ ಸೂಜಿ ಚುಚ್ಚಲು ತೊಡಗುವನು ಎಂಬದು. ಈ ಭಯವು ಸುಳ್ಳಲ್ಲ. ಆದರೆ ಅಂಥವನು ಕೆಟ್ಟದ್ದು ಕಲಿತದ್ದರಿಂದಲ್ಲ, ತನ್ನ ಮೇರೆಯನ್ನು ಕಲಿಯದ್ದರಿಂದ. ನಿಜವಾದ ತರಬೇತಿಯ ಮೊದಲನೆಯ ಪಾಠವು ಕೊಡುವದಲ್ಲ, ಕೊಡದಿರುವದು. “ಕಾಕಾ, ಈ ನೋವಿಗೆ ನನ್ನ ಅಂಗಡಿಯಲ್ಲಿ ಔಷಧವಿಲ್ಲ, ನೀವು ಈಗಲೇ ದವಾಖಾನೆಗೆ ಹೋಗಬೇಕು,” ಎಂದು ಹೇಳುವದಕ್ಕೆ ಹತ್ತು ಗುಳಿಗೆಗಳ ಹೆಸರನ್ನು ಬಲ್ಲದ್ದಕ್ಕಿಂತ ಹೆಚ್ಚಿನ ಕಲಿಕೆ ಬೇಕು, ಹೆಚ್ಚಿನ ಧೈರ್ಯವೂ ಬೇಕು. ಹಾಗೆ ಹೇಳುವಾಗ ಆ ಹೊತ್ತಿನ ವ್ಯಾಪಾರವು ಹೋಗುವದು; ಗಿರಾಕಿಯು ಸಿಟ್ಟಾಗಿ ಎದುರಿನ ಅಂಗಡಿಗೆ ಹೋದರೂ ಹೋಗುವನು.

ಗಾಯಪಟ್ಟ ದಾರಿಗನ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಆ ಸಮಾರ್ಯದವನ ಕನಿಕರವನ್ನು ಹೊಗಳುವ ನಾವು ಅವನ ಸಿದ್ಧತೆಯನ್ನು ಅಷ್ಟಾಗಿ ಗಮನಿಸುವದಿಲ್ಲ. ಅವನ ಬಳಿಯಲ್ಲಿ ಎಣ್ಣೆಯೂ ದ್ರಾಕ್ಷಾರಸವೂ ಇದ್ದವು. ಗಾಯ ಕಟ್ಟುವ ಬಗೆಯು ಅವನಿಗೆ ಗೊತ್ತಿತ್ತು. ಕಟ್ಟಿದ ಮೇಲೆ ಅವನು ದಾರಿಯ ಬದಿಯಲ್ಲಿಯೇ ಅವನನ್ನು ಬಿಡದೆ, ತನ್ನ ಪಶುವಿನ ಮೇಲೆ ಕೂಡ್ರಿಸಿ ಚತ್ರಕ್ಕೆ ಒಯ್ದು ಒಪ್ಪಿಸಿದನು. ಕನಿಕರ, ತಿಳುವಳಿಕೆ, ತಕ್ಕವರಿಗೆ ಒಪ್ಪಿಸುವದು, ಈ ಮೂರೂ ಕೂಡಿದಾಗಲೇ ಸಹಾಯವು ಪೂರ್ಣವಾಗುವದು.

ಹಾಗಾದರೆ ಅಂಗಡಿಯ ಹುಡುಗನು ಕಲಿಯತಕ್ಕದ್ದೇನು? ಗುಳಿಗೆ ಕೊಡುವ ಮೊದಲು ಮೂರು ಮಾತು ಕೇಳುವದು: ಬೇನೆ ಯಾರಿಗೆ, ಯಾವಾಗಿನಿಂದ, ಬೇರೆ ಯಾವ ಔಷಧ ನಡೆದದೆ. ಎದೆನೋವು, ಲಕ್ವಾ, ವಿಷ, ಉಸಿರುಗಟ್ಟುವದು, ಬತ್ತಿಹೋದ ಕೂಸು, ಇವುಗಳ ಗುರುತುಗಳನ್ನು ಬಲ್ಲವನಾಗಿರುವದು. ಗುರುತು ಕಂಡಕೂಡಲೆ ಫಾರ್ಮಸಿಸ್ಟನನ್ನು ಕರೆದು, ಬೇನೆಯವನನ್ನು ಕೂಡ್ರಿಸಿ, ಒಬ್ಬನನ್ನೇ ಗಾಡಿ ಹೊಡೆದುಕೊಂಡು ಹೋಗಗೊಡದೆ, 108ಕ್ಕೆ ಕರೆಮಾಡುವದು. ಈ ಆಂಬುಲೆನ್ಸಿನ ಏರ್ಪಾಡು 2008ರ ನವೆಂಬರ ತಿಂಗಳಿಂದ ಕರ್ನಾಟಕದಲ್ಲಿ ನಡೆದದೆ. ಬೇನೆ ಎಷ್ಟು ಹೊತ್ತಿಗೆ ಮೊದಲಾಯಿತು, ಏನು ನುಂಗಿದನು ಎಂಬದನ್ನು ಒಂದು ಚೀಟಿಯಲ್ಲಿ ಬರೆದುಕೊಡುವದು. ಇದನ್ನು ಕಲಿಸುವ ಭಾರವು ಅಂಗಡಿಯ ಧಣಿಯ ಮೇಲೆ ಅದೆ. ಸಣ್ಣ ಸಂಬಳದ ಹುಡುಗನ ಮೇಲೆ ಹಾಕಿದರೆ ಅನ್ಯಾಯವಾಗುವದು. ಧಾರವಾಡ, ಹುಬ್ಬಳ್ಳಿಗಳಲ್ಲಿ ಫಾರ್ಮಸಿಯ ಕಾಲೇಜುಗಳಿವೆ. ತಾಲೂಕು ದವಾಖಾನೆಗಳಲ್ಲಿ ವೈದ್ಯರಿದ್ದಾರೆ. ಧಣಿಗಳು ಕೂಡಿ ಕೇಳಿಕೊಂಡರೆ ಕೆಲವು ಸಂಜೆಗಳಲ್ಲಿ ಇದನ್ನೆಲ್ಲಾ ಕಲಿಸಬಹುದು.

ಕಡೆಗೆ, ಓದುವ ನಮಗೂ ಒಂದು ಮಾತು. ನಂಬಿಸಿಕೊಂಡವನಿಗೆ ಋಣವಿರುವಂತೆ ನಂಬುವವನಿಗೂ ಋಣವುಂಟು. ಅಂಗಡಿಯವನು ಮೂರು ಮಾತು ಕೇಳಿದರೆ, “ಇದೆಲ್ಲಾ ನಿನಗ್ಯಾಕೆ?” ಎಂದು ನಾವು ಗದರಿಸುತ್ತೇವೆ. ಚೀಟಿಯಿಲ್ಲದೆ ಕೊಡುವದಿಲ್ಲವೆಂದರೆ ಅವನನ್ನು ಬಯ್ಯುತ್ತೇವೆ. ಬಾಯಿಮುಚ್ಚಿ ಗುಳಿಗೆ ಕೊಡುವವನನ್ನು ಒಳ್ಳೆಯವನೆಂದು ಕರೆಯುತ್ತೇವೆ. ಹೀಗೆ ನಾವೇ ಅವನನ್ನು ಕೆಡಿಸಿದೆವು. ಆದಕಾರಣ ಇನ್ನು ಮೇಲೆ ಅಂಗಡಿಯ ಹುಡುಗನು ನಿಮ್ಮ ಮೋರೆಯನ್ನು ನೋಡಿ, “ಕಾಕಾ, ಕೂಡ್ರಿರಿ; ಇದು ನನ್ನ ಕೆಲಸವಲ್ಲ, ದವಾಖಾನೆಯದು,” ಎಂದರೆ ಎದ್ದು ಹೋಗಬೇಡಿರಿ. ಅವನು ತನ್ನ ಲಾಭವನ್ನು ಬಿಟ್ಟು ನಿಮ್ಮ ಪ್ರಾಣವನ್ನು ಲೆಕ್ಕಕ್ಕೆ ತಕ್ಕೊಂಡಿದ್ದಾನೆ. ಅಂಥವನ ಮಾತನ್ನು ಕೇಳುವದೇ ನಾವು ಅವನಿಗೆ ತೀರಿಸತಕ್ಕ ಋಣ.