ಸಾವಯವ ಧಾನ್ಯ ಮತ್ತು ಶ್ರಾವಕರ ಉಗ್ರಾಣ

ನಗರವಾಸಿಗಳಾದ ನಮ್ಮ ಶ್ರಾವಕರಲ್ಲಿ ಸಾವಯವ ಧಾನ್ಯವನ್ನೇ ಕೊಳ್ಳುವವರು ಈಗ ಹಲವರಿದ್ದಾರೆ. ವಿಷ ಸಿಂಪಡಿಸಿದ ಹೊಲದಲ್ಲಿ ಎಷ್ಟು ತ್ರಸಜೀವಗಳು ಅಳಿಯುತ್ತವೆಂಬುದನ್ನು ಬಲ್ಲವರಿಗೆ ಇದು ಸಂತೋಷದ ಸಂಗತಿಯೇ. ಆದರೆ ಸಾವಯವವಾದುದೆಲ್ಲವೂ ಭಕ್ಷ್ಯವಲ್ಲ. ಎಲುಬಿನ ಹುಡಿಯನ್ನು ಗೊಬ್ಬರವಾಗಿ ಹಾಕಿ ಬೆಳೆದುದೂ ಸಾವಯವವೆನಿಸಬಹುದು. ಆ ಚೀಟಿ ಅಂಟಿಸಿದ ಮಾತ್ರಕ್ಕೆ ಗಜ್ಜರಿಯು ಕಂದಮೂಲವಲ್ಲದೆ ಹೋಗುವುದಿಲ್ಲ. ಇದನ್ನೆಲ್ಲ ಪರರಿಗೆ ಹೇಳುತ್ತ ಬಂದವನು ನಾನು. ಎಡವಿದ್ದು ಬೇರೊಂದೆಡೆ.

ಕಳೆದ ಚಾತುರ್ಮಾಸದ ಆರಂಭದಲ್ಲಿ ಬೆಂಗಳೂರಿನ ಮಗನ ಮನೆಯಲ್ಲಿದ್ದೆ. ನನ್ನ ಮಾತಿನಂತೆ ಸೊಸೆಯು ನಾಲ್ಕು ತಿಂಗಳಿಗೆಂದು 10 ಕಿಲೋ ಸಾವಯವ ಹೆಸರುಕಾಳು ತರಿಸಿದಳು. ಶ್ರಾವಣ ಕಳೆಯುವಷ್ಟರಲ್ಲಿ ಡಬ್ಬಿಯ ಮುಚ್ಚಳ ತೆಗೆದರೆ ಕಾಳುಗಳಲ್ಲೆಲ್ಲ ತೂತು, ಹರಿದಾಡುವ ಕಂದು ಹುಳುಗಳು. ಆಕೆ ಅದನ್ನು ಮಹಡಿಯ ಬಿಸಿಲಿಗೆ ಹರಡಲು ಹೊರಟಳು. ಬಿಸಿಲಿಗೆ ಹುಳು ಸಾಯುತ್ತವೆಂದು ಹಳೆಯ ಉಪಾಧ್ಯಾಯರ ದನಿಯಲ್ಲೇ ಗದರಿದೆ. "ಮಾವನವರೇ, ಇಷ್ಟೊಂದು ತರಿಸಲು ಹೇಳಿದವರು ನೀವೇ ಅಲ್ಲವೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಪೇಟೆಯ ಸಾಮಾನ್ಯ ಕಾಳು ನಿರ್ಜಂತುಕವಾಗಿ ಕಾಣುವುದೇಕೆ? ಗೋದಾಮುಗಳಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನಿಟ್ಟು ವಿಷಾನಿಲದಿಂದ ಹುಳುಗಳನ್ನು ಮೊದಲೇ ಕೊಂದಿರುತ್ತಾರೆ. ಸಾವಯವ ಕಾಳಿಗೆ ಆ ವಿಷವಿಲ್ಲ. ಆದುದರಿಂದ ಅದರಲ್ಲಿ ಜೀವೋತ್ಪತ್ತಿ ಶೀಘ್ರ. ಕಾಳಿನ ಮೇಲಿಟ್ಟ ಮೊಟ್ಟೆ ಮರಿಯಾಗಿ ಒಳಗೆ ಕೊರೆದು ಸೇರುತ್ತದೆ. ಮಳೆಗಾಲದಲ್ಲಿ ತಿಂಗಳೊಳಗೇ ಹುಳುವಾಗಿ ಹೊರಬಂದು ಮತ್ತೆ ಮೊಟ್ಟೆಯಿಡುತ್ತದೆ. ಮೊರದಲ್ಲಿ ಕೇರಿದರೆ ಹೊರಗಿನ ಹುಳು ಹೋದೀತು, ಒಳಗಿನದು ಹೋಗದು. ತೂತಾದ ಕಾಳು ಅಭಕ್ಷ್ಯವೇ. ಹೀಗಿರಲು ಶೋಧನೆಯು ಅಡುಗೆಮನೆಯಲ್ಲಲ್ಲ, ಕೊಳ್ಳುವಾಗಲೇ ಆರಂಭವಾಗಬೇಕು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಗುಣವ್ರತವಾಗಿ ಎಣಿಸಿ, ಜೀವಿತಾವಧಿಯ ತ್ಯಾಗವನ್ನು ಯಮವೆಂದೂ ಕಾಲಮಿತಿಯುಳ್ಳದನ್ನು ನಿಯಮವೆಂದೂ ವಿಂಗಡಿಸಿದ್ದಾರೆ. ನಾವಾದರೋ ಪರಿಮಾಣವನ್ನು ಎಲೆಯ ಮೇಲಿನ ಪದಾರ್ಥಗಳ ಎಣಿಕೆಗೆ ಮೀಸಲಿಟ್ಟು ಉಗ್ರಾಣವನ್ನು ಮರೆತೆವು. ಉಮಾಸ್ವಾಮಿಗಳು ಹಿಂಸೆಯನ್ನು ಪ್ರಮಾದದೊಡನೆ ಸೇರಿಸಿ ಹೇಳಿದ್ದಾರೆ. ಪಾಠ ಹೇಳಿದ ನನಗೆ ಆ ಸೂತ್ರ ಕಂಠಸ್ಥವಿತ್ತು. 10 ಕಿಲೋ ಎನ್ನುವಾಗ ನೆನಪಾಗಲಿಲ್ಲ, ಅಷ್ಟೆ.

ಆ ಕಾಳನ್ನು ಆವರಣದ ಮರದಡಿ, ಮಳೆ ತಾಗದ ನೆರಳಿನಲ್ಲಿ ಹರಡಿ ಬಂದೆವು. ಕಾರ್ತಿಕದವರೆಗೆ ನಾನು ಹೆಸರನ್ನು ತ್ಯಜಿಸಿದೆ. ಸೊಸೆಯೂ ಕೇಳದೆಯೇ ಅದೇ ನಿಯಮ ಹಿಡಿದಳು. ಈಗ ಆ ಮನೆಗೆ ವಾರಕ್ಕೆ ಅರ್ಧ ಕಿಲೋ ಕಾಳು ಬರುತ್ತದೆ. ನಾನು ಅಲ್ಲಿರುವ ದಿನಗಳಲ್ಲಿ, ಹಗಲಿನ ಬೆಳಕಿರುವಾಗಲೇ ಕಿಟಕಿಯ ಬಳಿ ಕುಳಿತು ಅದನ್ನು ಆರಿಸುವ ಕೆಲಸ ನನ್ನದು.