ಚೋಮ ಯಾವ ಭಾಷೆಯಲ್ಲಿ ಮಾತಾಡಿದ?

ಪುಸ್ತಕಪ್ರಿಯರದೊಂದು ಹಳೆಯ ದೂರಿದೆ: ಕಾದಂಬರಿಯಲ್ಲಿ ಇದ್ದದ್ದು ಸಿನಿಮಾದಲ್ಲಿ ಇಲ್ಲ. ಇದು ಬರೀ ರುಚಿಯ ಮಾತಲ್ಲ. ಮೂಲಕ್ಕೆ ಮೋಸವಾಯಿತು ಎನ್ನುವಾಗ, ಯಾರಿಗೋ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂದು ನ್ಯಾಯ ಕೇಳುತ್ತಿರುತ್ತೇವೆ. ಆ ‘ಯಾರೋ’ ಯಾರು?

ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ. ಬಿ.ವಿ. ಕಾರಂತರು ನಿರ್ದೇಶಿಸಿದ ಸಿನಿಮಾ 1975ರದು. ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು, ಚೋಮನಾದ ವಾಸುದೇವರಾವ್ ಅತ್ಯುತ್ತಮ ನಟರಾದರು. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಪಟ್ಟಿಮಾಡುವುದು ನಮ್ಮ ಸೆಮಿನಾರುಗಳಿಗೆ ಬಲು ಪ್ರಿಯ. ಆದರೆ ಕಟಪಾಡಿಯಂಥ ಊರಲ್ಲಿ, ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡ ಓದಿದವರಿಗೆ ಸಿನಿಮಾದವರೆಗೂ ಹೋಗಬೇಕಿಲ್ಲ, ಕಾದಂಬರಿಯಲ್ಲೇ ಪ್ರಶ್ನೆ ಏಳುತ್ತದೆ. ಪಂಜುರ್ಲಿಗೆ ನಡೆದುಕೊಳ್ಳುವ ಚೋಮನ ಮನೆಮಾತು ತುಳುವಲ್ಲದೆ ಇನ್ನೇನಿದ್ದೀತು? ಮಗಳು ಬೆಳ್ಳಿಯನ್ನು ಗದರುವುದು, ಒಡೆಯ ಸಂಕಪ್ಪಯ್ಯನೆದುರು ಬೇಡಿಕೊಳ್ಳುವುದು, ಎಲ್ಲ ಆ ಭಾಷೆಯಲ್ಲೇ ನಡೆದಿರಬೇಕು. ಪುಟದಲ್ಲಿ ಅದು ಕನ್ನಡ. ನಾವು ಮೂಲವೆಂದು ಕಾಯುತ್ತಿರುವ ಪುಸ್ತಕವೇ ಮೊದಲ ರೂಪಾಂತರ.

ಕಾರಂತರ ಮೇಲಿನ ದೂರಲ್ಲ ಇದು. ತುಳುವಿನಲ್ಲಿ ಬರೆದಿದ್ದರೆ ಧಾರವಾಡಕ್ಕೆ, ಮೈಸೂರಿಗೆ ಚೋಮ ತಲುಪುತ್ತಿರಲಿಲ್ಲ. ಆದರೆ ಅವನ ಕೇರಿಯವರಿಗೇ ಅಕ್ಷರ ದೂರವಿದ್ದ ಕಾಲದಲ್ಲಿ, ಅವರ ಕಥೆ ಅವರನ್ನು ದಾಟಿ ಹೋಯಿತು ಎಂಬುದೂ ನಿಜ. ಓದಲು ಬಾರದವರೂ ನೋಡಬಹುದಾದ ಸಿನಿಮಾ, ಆ ಲೆಕ್ಕದಲ್ಲಿ, ಪುಸ್ತಕಕ್ಕಿಂತ ಚೋಮನಿಗೆ ಹತ್ತಿರ. (ಪ್ರಶಸ್ತಿ ಪಡೆದ ಚಿತ್ರಗಳು ಎಷ್ಟು ಹಳ್ಳಿಗಳ ಟೆಂಟು ಮುಟ್ಟಿದವು ಎನ್ನುವುದು ಬೇರೆ ಮಾತು.) ಪುಟದಲ್ಲಿ ದುಡಿಗೆ ಸದ್ದಿಲ್ಲ. ಓದುವವರು ತಮತಮಗೆ ತೋಚಿದ ಸದ್ದು ಹಚ್ಚಿಕೊಳ್ಳುತ್ತಾರೆ. ಸಿನಿಮಾದಲ್ಲಿ ಬೇರೆಯದು ಕೇಳಿದಾಗ ಮುನಿಸು. ಆ ದುಡಿ ನಮ್ಮದಾದದ್ದು ಯಾವಾಗ?

ಹಾಗಾದರೆ ಬದಲಿಸುವವರಿಗೆ ಲಗಾಮೇ ಬೇಡವೇ? ಕರಾವಳಿಯವರಿಗೆ ತಾಳಮದ್ದಳೆಯ ಉದಾಹರಣೆ ಕೈಗೆಟುಕುವಂತೆಯೇ ಇದೆ. ಅಲ್ಲಿ ಪದ್ಯ ಕಟ್ಟಿಟ್ಟದ್ದು, ಅರ್ಥ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣ ಇನ್ನೊಬ್ಬರ ರಾವಣನಂತಿರಬೇಕೆಂದು ಯಾರೂ ಹಟ ಹಿಡಿಯಲಿಲ್ಲ. ಕಥೆ ಎಲ್ಲರಿಗೂ ಗೊತ್ತು, ವಾದ ಹೊಸತಾಗಿರಲಿ ಎಂಬುದು ಆ ಪ್ರಕಾರದ ಒಪ್ಪಂದ. ಪ್ರಕಾರವೆಂದರೆ ಕೇಳುವವರಿಗೂ ಹೇಳುವವರಿಗೂ ನಡುವಿನ ಇಂಥದೊಂದು ಕರಾರೇ ಎಂದು ನನಗನಿಸುತ್ತದೆ.

ಈ ಸ್ವಾತಂತ್ರ್ಯವನ್ನು ಚೋಮನಿಗೆ ಹಾಗೆಯೇ ಅನ್ವಯಿಸಲು ಮನಸ್ಸು ಒಪ್ಪುವುದಿಲ್ಲ. ಇವತ್ತಿನ ಕೂಟದಲ್ಲಿ ರಾವಣನಿಗೆ ಅನ್ಯಾಯವಾದರೆ ನಾಳಿನ ಕೂಟದಲ್ಲಿ ಅವನ ಪರ ವಾದಿಸುವವರು ಸಿಗುತ್ತಾರೆ. ಚೋಮನಿಗೆ ಇರುವುದು ಒಂದೇ ಪುಸ್ತಕ, ಅದೂ ಅವನ ಕೇರಿಯವರು ಬರೆದದ್ದಲ್ಲ. ಅವನ ಕಥೆಯಲ್ಲಿ ಎರಡು ಪಾತ್ರಗಳನ್ನು ಒಂದು ಮಾಡಿದರೆ, ಒಂದಿಡೀ ಅಧ್ಯಾಯ ಬಿಟ್ಟರೆ ನನಗೆ ತಕರಾರಿಲ್ಲ. ಆದರೆ ಅವನು ಮತಾಂತರಕ್ಕೆ ಹೊರಟು, ದಾರಿಯಲ್ಲಿ ಪಂಜುರ್ಲಿಯ ನೆನಪಾಗಿ ಹಿಂದಿರುಗುವ ಭಾಗವನ್ನು ನೋಡಿ. ಅವನು ಹೊರಟದ್ದು ಉಳಲು ಭೂಮಿ ಸಿಕ್ಕೀತೆಂದು. ಎತ್ತುಗಳಿದ್ದವು, ನೆಲವಿರಲಿಲ್ಲ. ನೆಲದ ಹಸಿವನ್ನು ತೆಗೆದು ಮರಳಿ ಬಂದದ್ದನ್ನಷ್ಟೇ ತೋರಿಸಿದರೆ, ಸಂಭಾಷಣೆ ಅಕ್ಷರಶಃ ಕಾದಂಬರಿಯದೇ ಆಗಿದ್ದರೂ, ಅದು ಧರ್ಮನಿಷ್ಠೆಯ ಕಥೆಯಾಗಿಬಿಡುತ್ತದೆ; ಯಾವುದೋ ಸಭೆಯ ಘೋಷಣೆಗೂ ಒದಗುತ್ತದೆ. ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರನ್ನು ತಡೆದದ್ದು ಮೈಲಿಗೆಯ ಭಯ. ಅದನ್ನು ಬರೀ ಅವಘಡವೆಂಬಂತೆ ಚಿತ್ರಿಸಿದರೂ ಹೀಗೇ. ಪುಸ್ತಕದ ಒಂದು ಸಾಲೂ ಬದಲಾಗದೆ ಚೋಮನಿಗೆ ಮೋಸವಾಗಬಹುದು. ಪುಸ್ತಕಪ್ರಿಯರ ಪಟ್ಟಿಯಲ್ಲಿ ಈ ಮೋಸಕ್ಕೆ ಕಾಲಮ್ಮೇ ಇಲ್ಲ.

ನಾಳೆ ಯಾರಾದರೂ ಇದನ್ನು ತುಳುವಿನಲ್ಲಿ ವೆಬ್ ಸರಣಿಯಾಗಿಸಿದರೆ, ಏನೇನು ಕತ್ತರಿಸಿದರು ಎಂದು ಗೆಳೆಯರು ಮೊದಲು ಕೇಳುತ್ತಾರೆ. ನಾನು ಬೆಳ್ಳಿಯ ಬಾಯಿಗೆ ಕಿವಿಗೊಡುತ್ತೇನೆ. ತುಳುವಿನಲ್ಲಿ ತಂದೆ ‘ಅಮ್ಮೆ’, ತಾಯಿ ‘ಅಪ್ಪೆ’. ಅವಳು ಚೋಮನನ್ನು ಕೂಗಿದಾಗ, ಕನ್ನಡವಷ್ಟೇ ಬಲ್ಲವರಿಗೆ ಒಂದು ಕ್ಷಣ ಅವಳು ತಾಯಿಯನ್ನು ಕರೆದಂತೆ ಕೇಳಿಸೀತು.