ಕಾಯುವುದು ಬೇರೆ, ಕಾಯಿಸುವುದು ಬೇರೆ



ಇಂದಿನ ಚಿಂತನೆ ತಾಳ್ಮೆಯ ಬಗ್ಗೆ. ಹತ್ತು ಪಾರಮಿತೆಗಳಲ್ಲಿ ಖಂತಿ, ಅಂದರೆ ತಾಳ್ಮೆ, ಒಂದು ಎಂದು ನಾವೆಲ್ಲ ಓದಿದ್ದೇವೆ. ಓದುವಾಗ ಇದು ಸುಲಭವಾಗಿ ಕಾಣುತ್ತದೆ. ಯಾರ ವಿಷಯದಲ್ಲಿ ತಾಳ್ಮೆ, ಎಷ್ಟು ದಿನ, ಅದರ ಬೆಲೆ ಕೊಡುವವರು ಯಾರು ಎಂದು ಕೇಳಿದಾಗ ಕಷ್ಟ ಶುರುವಾಗುತ್ತದೆ. ಈ ಪ್ರಶ್ನೆಯನ್ನು ಇವತ್ತು ನಮಗೆ ಬಹಳ ದೂರವಾದ ಒಂದು ಆಟದಲ್ಲಿಟ್ಟು ನೋಡೋಣ. ದೂರದ್ದಾದ ಕಾರಣ ನಮ್ಮ ಸಿಟ್ಟು ಸಂಕಟಗಳು ಅಡ್ಡ ಬರದೆ ವಿಷಯ ತಿಳಿಯಾಗಿ ಕಾಣಬಹುದು.

ಆ ಆಟ ಐಸ್ ಹಾಕಿ.

ನಮ್ಮಲ್ಲಿ ಹಾಕಿ ಎಂದರೆ ಕೊಡಗು ನೆನಪಾಗುತ್ತದೆ. ಐಸ್ ಹಾಕಿ ಕೆನಡಾ, ಅಮೆರಿಕ, ಸ್ವೀಡನ್, ರಷ್ಯಾದಂಥ ಚಳಿ ದೇಶಗಳ ಆಟ. ನೆಲವೇ ಮಂಜುಗಡ್ಡೆ. ಕಾಲಿಗೆ ಉಕ್ಕಿನ ಅಲಗಿನ ಬೂಟು. ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ. ಒಂದು ತಂಡದಿಂದ ಗೋಲ್‌ಕೀಪರ್ ಸೇರಿ ಆರೇ ಜನ ಅಂಗಳದಲ್ಲಿರುತ್ತಾರೆ. ಆಟ ಎಷ್ಟು ಬಿರುಸೆಂದರೆ, ಒಬ್ಬ ಆಟಗಾರ ಹೆಚ್ಚುಕಡಿಮೆ ಮುಕ್ಕಾಲು ನಿಮಿಷ ಆಡಿ ಹೊರಬರುತ್ತಾನೆ, ಇನ್ನೊಬ್ಬ ಒಳಹೋಗುತ್ತಾನೆ. ಪಂದ್ಯ 60 ನಿಮಿಷದ್ದು. ಹಾಗಾಗಿ ಅಲ್ಲಿ ಆಟಗಾರನ ದೊಡ್ಡ ಆಸ್ತಿ ಎಂದರೆ ಅವನಿಗೆ ಸಿಗುವ ನಿಮಿಷಗಳು. ಕೋಚ್ ನಂಬಿದವನಿಗೆ 20 ನಿಮಿಷ ಸಿಗುತ್ತದೆ. ನಂಬದವನಿಗೆ ಆರೇಳು ನಿಮಿಷ, ಇಲ್ಲವೇ ಬೆಂಚು.

ಈ ಆಟದ ಅತಿ ದೊಡ್ಡ ವೃತ್ತಿಪರ ಲೀಗ್ ಕೆನಡಾ ಮತ್ತು ಅಮೆರಿಕದ ಎನ್‌ಎಚ್‌ಎಲ್. ಈಗ ಅದರಲ್ಲಿ 32 ತಂಡಗಳಿವೆ. ಪ್ರತಿ ವರ್ಷ ಡ್ರಾಫ್ಟ್ ಎಂಬ ಆಯ್ಕೆ ನಡೆಯುತ್ತದೆ. ಐಪಿಎಲ್ ಹರಾಜಿನಂತೆ ಅಲ್ಲಿ ಹಣ ಕೂಗುವುದಿಲ್ಲ. ತಂಡಗಳು ಸರದಿಯಲ್ಲಿ ಒಬ್ಬೊಬ್ಬ ಹುಡುಗನ ಹೆಸರು ಹೇಳುತ್ತವೆ. ಏಳು ಸುತ್ತು, ಇನ್ನೂರಕ್ಕೂ ಹೆಚ್ಚು ಹೆಸರು. ಅವರಲ್ಲಿ ಬಹುಪಾಲು ಹುಡುಗರಿಗೆ 18ರ ವಯಸ್ಸು. ಎರಡನೆಯವನು, ಐವತ್ತಾರನೆಯವನು, ಇನ್ನೂರ ಹತ್ತನೆಯವನು ಎಂದು ಪ್ರತಿಯೊಬ್ಬನ ಹಣೆಗೆ ಒಂದು ಸಂಖ್ಯೆ ಅಂಟುತ್ತದೆ. ಆ ಸಂಖ್ಯೆ ಬಹಳ ವರ್ಷ ಹೋಗುವುದಿಲ್ಲ.

18ರ ಹುಡುಗನಲ್ಲಿ 25ರ ಗಂಡಸು ಹೇಗಿರುತ್ತಾನೆ ಎಂದು ಯಾರು ಹೇಳಬಲ್ಲರು? ಮೈ ಇನ್ನೂ ತುಂಬಿರುವುದಿಲ್ಲ. ಕೆಲವರ ಕಾಲು ಉದ್ದವಾಗಿ ಬೆಳೆದಿರುತ್ತದೆ, ಆ ಕಾಲಿಗೆ ತಕ್ಕ ಬಲ ಬಂದಿರುವುದಿಲ್ಲ. ಗೋಲ್‌ಕೀಪರ್‌ಗಳು ಮತ್ತು ರಕ್ಷಣಾ ಆಟಗಾರರು ಇನ್ನೂ ನಿಧಾನವಾಗಿ ಮಾಗುತ್ತಾರೆ. ಸ್ಲೊವಾಕಿಯಾದ ಝ್ಡೇನೊ ಚಾರಾ 206 ಸೆಂಟಿಮೀಟರ್ ಎತ್ತರದ ಆಳು. 1996ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಅವನನ್ನು 56ನೆಯವನಾಗಿ ಆರಿಸಿತು, 2001ರಲ್ಲಿ ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತು. 2009ರಲ್ಲಿ ಅವನೇ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರನೆನಿಸಿದ. 2011ರಲ್ಲಿ ಬಾಸ್ಟನ್ ತಂಡದ ನಾಯಕನಾಗಿ ಸ್ಟ್ಯಾನ್ಲಿ ಕಪ್ ಎತ್ತಿದ. ಮೊದಲ ತಂಡ ನೆಟ್ಟಿದ್ದರ ಫಸಲನ್ನು ಬೇರೆಯವರು ಕೊಯ್ದರು.

ಹಾಗಾದರೆ ಎಲ್ಲರಿಗಾಗಿ ಸುಮ್ಮನೆ ಕಾದರಾಯಿತೇ? ಅಷ್ಟು ಸರಳವಲ್ಲ. ಒಬ್ಬ ಹುಡುಗನಿಗೆ ಕೊಟ್ಟ ಹತ್ತು ನಿಮಿಷ ಇನ್ನೊಬ್ಬನಿಂದ ತೆಗೆದದ್ದು. ತಂಡ ಸೋತರೆ ಮೊದಲು ಕೆಲಸ ಹೋಗುವುದು ಕೋಚ್‌ನದು. ಐದು ವರ್ಷದ ಮೇಲೆ ಬರುವ ಫಲಕ್ಕಾಗಿ ಈ ವರ್ಷವೇ ಬೆಲೆ ಕೊಡಬೇಕು. ಯಾರೂ ಬೆಲೆ ಕೊಡದ ತಾಳ್ಮೆ ಬರೀ ಬಾಯಿಮಾತು.

ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡ ಈ ವಿಷಯದಲ್ಲಿ ಹೆಸರು ಮಾಡಿತ್ತು. ಕಾಯಿ ಹಣ್ಣಾದರೆ ಸಾಲದು, ಇನ್ನಷ್ಟು ಮಾಗಲಿ ಎಂಬುದು ಅವರ ನೀತಿ. ರಷ್ಯಾದ ಪಾವೆಲ್ ದತ್ಸ್ಯುಕ್‌ನನ್ನು ಅದಕ್ಕೂ ಹಿಂದಿನ ಡ್ರಾಫ್ಟ್‌ಗಳಲ್ಲಿ ಯಾವ ತಂಡವೂ ಕರೆದಿರಲಿಲ್ಲ. 1998ರಲ್ಲಿ ಡೆಟ್ರಾಯಿಟ್ 171ನೆಯವನಾಗಿ ಕರೆಯಿತು. ಮೂರು ವರ್ಷ ಅವನು ತನ್ನ ದೇಶದಲ್ಲೇ ಆಡಿ ಬೆಳೆದ. 2001ರಲ್ಲಿ ಬಂದ, 2002ರಲ್ಲಿ ಮತ್ತು 2008ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡದಲ್ಲಿದ್ದ, 2024ರಲ್ಲಿ ಹಾಕಿಯ ಗೌರವ ಸಭಾಂಗಣವಾದ ಹಾಲ್ ಆಫ್ ಫೇಮ್ ಸೇರಿದ. ಟೊಮಾಸ್ ತಾತಾರ್‌ನಂಥ ಯುವಕರು ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಕೆಳಹಂತದ ತಂಡದಲ್ಲಿ ಹಲವು ಋತು ಆಡಿ ಮೇಲೆ ಬಂದರು.

ಇಲ್ಲಿ ಒಂದು ಮಾತು ಮರೆಯಬಾರದು. ಆ ದಿನಗಳಲ್ಲಿ ಡೆಟ್ರಾಯಿಟ್ ಬಳಿ ಘಟಾನುಘಟಿ ಹಿರಿಯ ಆಟಗಾರರಿದ್ದರು. ಮನೆಯಲ್ಲಿ ಊಟಕ್ಕೆ ಇದ್ದವನು ಮಾವು ಮಾಗುವವರೆಗೆ ಕಾಯಬಲ್ಲ. ಇನ್ನೊಂದು, ಕೆಳಹಂತದ ತಂಡದಲ್ಲಿರುವ ಹುಡುಗನ ಸಂಬಳ ಮೇಲಿನ ಲೀಗ್‌ಗಿಂತ ಬಹಳ ಕಡಿಮೆ. ಅವನು ಅಲ್ಲೇ ಇದ್ದಷ್ಟು ದಿನ ತಂಡಕ್ಕೆ ಖರ್ಚು ಉಳಿಯುತ್ತದೆ. ಇನ್ನೂ ಸ್ವಲ್ಪ ಕಾಯಿ ಎನ್ನುವಾಗ ಅದು ಹುಡುಗನ ಒಳ್ಳೆಯದಕ್ಕೋ ತಂಡದ ಉಳಿತಾಯಕ್ಕೋ ಎಂದು ಕೇಳಿಕೊಳ್ಳಲೇಬೇಕು.

ಉಳಿಸಿಕೊಂಡ ಮಾತ್ರಕ್ಕೆ ತಾಳ್ಮೆಯಾಗುವುದಿಲ್ಲ ಎಂಬುದಕ್ಕೂ ಉದಾಹರಣೆ ಇದೆ. 2012ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ರಷ್ಯಾದ ನೇಲ್ ಯಾಕುಪೋವ್. ಎಡ್ಮಂಟನ್ ತಂಡ ಅವನನ್ನು ಅದೇ ಋತುವಿನಲ್ಲಿ ನೇರ ಅಂಗಳಕ್ಕಿಳಿಸಿತು. ಅವನು ಅಲ್ಲಿದ್ದ ನಾಲ್ಕು ಋತುಗಳಲ್ಲಿ ಮುಖ್ಯ ಕೋಚ್‌ಗಳು ಮತ್ತೆ ಮತ್ತೆ ಬದಲಾದರು. 2016ರಲ್ಲಿ ಅವನನ್ನು ಬೇರೆ ತಂಡಕ್ಕೆ ಕಳಿಸಿದರು. 2018ರ ಹೊತ್ತಿಗೆ ಆ ಲೀಗನ್ನೇ ಬಿಟ್ಟು ರಷ್ಯಾಕ್ಕೆ ಹಿಂದಿರುಗಿದ್ದ. ಇದಕ್ಕೆ ಕಾರಣ ಒಂದೇ ಎನ್ನಲಾಗದು. ಆದರೆ ವರ್ಷಕ್ಕೊಬ್ಬ ಗುರು ಬದಲಾದರೆ ಯಾವ ಮಗು ತಾನೇ ಪಾಠ ಕಲಿತೀತು?

ಕನ್ನಡದಲ್ಲಿ ‘ಕಾಯು’ ಎಂಬ ಪದಕ್ಕೆ ಎರಡು ಅರ್ಥವಿದೆ. ಬಸ್ಸಿಗಾಗಿ ಕಾಯುತ್ತೇವೆ. ಹೊಲವನ್ನೂ ಕಾಯುತ್ತೇವೆ. ಬಸ್ಸಿಗಾಗಿ ಕಾಯುವವನು ಸುಮ್ಮನೆ ನಿಂತಿರಬಹುದು. ಹೊಲ ಕಾಯುವವನು ನಿದ್ದೆಗೆಟ್ಟು ಹಂದಿ ಓಡಿಸಬೇಕು, ಬೇಲಿ ಕಟ್ಟಬೇಕು, ನೀರು ನೋಡಬೇಕು. ಬೆಳೆಯುವ ಮಕ್ಕಳ ವಿಷಯದಲ್ಲಿ ಬೇಕಾದದ್ದು ಈ ಎರಡನೆಯ ಕಾಯುವಿಕೆ. ಪಾರಮಿತೆಗಳಲ್ಲಿ ಖಂತಿಯ ಜೊತೆಗೆ ವಿರಿಯವೂ, ಅಂದರೆ ಬಿಡದ ಪ್ರಯತ್ನವೂ, ಇದೆ ಎಂಬುದನ್ನು ಇಲ್ಲಿ ನೆನೆಯೋಣ.

ಈಗ ಇಂದಿನ ಚಿಂತನೆಯ ಮುಖ್ಯ ಭಾಗಕ್ಕೆ ಬರೋಣ. 2022ರಲ್ಲಿ ಹಾಕಿಯ ಹಾಲ್ ಆಫ್ ಫೇಮ್‌ಗೆ ಸೇರಿದವರಲ್ಲಿ ಮೂವರ ಕತೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಮೊದಲ ಇಬ್ಬರು ಸ್ವೀಡನ್‌ನ ಅವಳಿ ಸಹೋದರರು, ಡ್ಯಾನಿಯಲ್ ಸೆಡಿನ್ ಮತ್ತು ಹೆನ್ರಿಕ್ ಸೆಡಿನ್. 1999ರ ಡ್ರಾಫ್ಟ್‌ನಲ್ಲಿ ವ್ಯಾಂಕೂವರ್ ಕ್ಯಾನಕ್ಸ್ ತಂಡ ಅವರನ್ನು ಎರಡನೆಯ ಮತ್ತು ಮೂರನೆಯ ಸ್ಥಾನದಲ್ಲಿ ಆರಿಸಿತು. ಇನ್ನೊಂದು ವರ್ಷ ತಮ್ಮೂರಿನ ತಂಡದಲ್ಲೇ ಆಡಲು ಬಿಟ್ಟಿತು. 2000ದಲ್ಲಿ ಬಂದರು. ಜನ ಕಾದಿದ್ದು ಸಿಡಿಲಿಗೆ, ಕಂಡದ್ದು ಹನಿಮಳೆ. ಮೊದಲ ಋತುವಿನಲ್ಲಿ ಹೆನ್ರಿಕ್ ಹೊಡೆದದ್ದು 9 ಗೋಲು. ಓಟ ಸಾಲದು, ಮೈಯಲ್ಲಿ ಕಸುವಿಲ್ಲ ಎಂದು ಹೀಯಾಳಿಸಿದರು. ಅಣ್ಣತಮ್ಮಂದಿರನ್ನು ಅಕ್ಕತಂಗಿಯರೆಂದು ಕರೆದು ಅಣಕಿಸಿದರು. ಹೆಣ್ಣೆಂಬುದನ್ನೇ ಬೈಗುಳವಾಗಿ ಬಳಸುವ ಕೊಳಕು ಎಲ್ಲ ದೇಶದಲ್ಲೂ ಇದೆ. ತಂಡ ಮಾತ್ರ ಅವರನ್ನು ಬಿಡಲಿಲ್ಲ. ವರ್ಷದಿಂದ ವರ್ಷಕ್ಕೆ ಅಂಗಳದಲ್ಲಿ ನಿಲ್ಲಿಸಿತು. 2005–06ರ ಋತುವಿನಲ್ಲಿ ಇಬ್ಬರೂ ತಲಾ 70 ಅಂಕ ದಾಟಿದರು. 2009–10ರಲ್ಲಿ ಹೆನ್ರಿಕ್ 112 ಅಂಕ ಗಳಿಸಿ ಇಡೀ ಲೀಗ್‌ಗೆ ಮೊದಲಿಗನಾದ, ಆ ವರ್ಷದ ಶ್ರೇಷ್ಠ ಆಟಗಾರನೂ ಆದ. ಮರುವರ್ಷ ಡ್ಯಾನಿಯಲ್ 104 ಅಂಕದೊಂದಿಗೆ ಮೊದಲಿಗನಾದ. ಆಯ್ಕೆಯಾಗಿ ಹತ್ತು ವರ್ಷ ಕಳೆದ ಮೇಲೆ ಬಂದ ಫಸಲು ಅದು.

ಮೂರನೆಯವರು ಹರ್ಬ್ ಕಾರ್ನೆಗಿ. 1919ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿದವರು. ತಂದೆತಾಯಿ ಜಮೈಕಾದಿಂದ ಬಂದ ಕಪ್ಪು ಜನ. ಕ್ವಿಬೆಕ್ ಪ್ರಾಂತ್ಯದ ಲೀಗ್‌ನಲ್ಲಿ ತಮ್ಮ ಅಣ್ಣ ಓಸಿ ಮತ್ತು ಗೆಳೆಯ ಮ್ಯಾನಿ ಮ್ಯಾಕಿಂಟೈರ್ ಜೊತೆ ಆಡಿ, ಆ ಲೀಗ್‌ನ ಅತ್ಯಂತ ಮೌಲಿಕ ಆಟಗಾರ ಪ್ರಶಸ್ತಿಯನ್ನು ಸತತ ಮೂರು ವರ್ಷ ಪಡೆದವರು. ಎನ್‌ಎಚ್‌ಎಲ್‌ನಲ್ಲಿ ಅಲ್ಲಿಯವರೆಗೆ ಒಬ್ಬನೇ ಒಬ್ಬ ಕಪ್ಪು ಆಟಗಾರ ಆಡಿರಲಿಲ್ಲ. 1948ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ಕಾರ್ನೆಗಿಯವರನ್ನು ತರಬೇತಿ ಶಿಬಿರಕ್ಕೆ ಕರೆಯಿತು. ಅಲ್ಲಿ ಆಟ ನೋಡಿದ ಮೇಲೆ ಹೇಳಿದ್ದೇನು? ಮೊದಲು ನಮ್ಮ ಕೆಳಹಂತದ ತಂಡಕ್ಕೆ ಹೋಗು ಎಂದು. ಅದಕ್ಕೆ ಕೊಡುತ್ತಿದ್ದ ಸಂಬಳ ಅವರು ಕ್ವಿಬೆಕ್‌ನಲ್ಲಿ ಆಗಲೇ ಗಳಿಸುತ್ತಿದ್ದುದಕ್ಕಿಂತ ಕಡಿಮೆ. ವಯಸ್ಸು 28, ಮನೆ ಸಂಸಾರ ಇತ್ತು. ಕಾರ್ನೆಗಿ ಒಪ್ಪಲಿಲ್ಲ. ಎನ್‌ಎಚ್‌ಎಲ್‌ನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲ ಕಪ್ಪು ಆಟಗಾರ ವಿಲ್ಲಿ ಓ’ರೀ ಆ ಲೀಗ್‌ಗೆ ಇಳಿದದ್ದು 1958ರ ಜನವರಿ 18ರಂದು. ಆ ಬಾಗಿಲು ತೆರೆಯುವ ಹೊತ್ತಿಗೆ ಕಾರ್ನೆಗಿಯವರ ಆಟದ ವಯಸ್ಸು ಮುಗಿದಿತ್ತು.

2022ರಲ್ಲಿ ಗೌರವ ಬಂದಾಗ ಸೆಡಿನ್ ಸಹೋದರರು ವೇದಿಕೆಯಲ್ಲಿದ್ದರು. ಕಾರ್ನೆಗಿ ತೀರಿಕೊಂಡು ಹತ್ತು ವರ್ಷವಾಗಿತ್ತು.

ಸೆಡಿನ್ ಸಹೋದರರ ತಪ್ಪೇನೂ ಇಲ್ಲ. ಅವರಿಗೆ ಸಿಕ್ಕ ತಾಳ್ಮೆ ಸಿಗಬೇಕಾದದ್ದೇ. ನಾವು ನೋಡಬೇಕಾದದ್ದು ‘ಸ್ವಲ್ಪ ಕಾಯಿ’ ಎಂಬ ಒಂದೇ ಮಾತು ಎರಡು ಕಡೆ ಏನು ಮಾಡಿತು ಎಂಬುದನ್ನು. ಒಂದು ಕಡೆ ಅಧಿಕಾರ ಇದ್ದವರು ಆ ಮಾತನ್ನು ತಮಗೇ ಹೇಳಿಕೊಂಡರು. ಹುಡುಗರು ಕಲಿಯುತ್ತಿದ್ದಾರೆ, ನಾವು ಕಾಯೋಣ ಎಂದರು. ನಗೆಪಾಟಲಿನ ಬೆಲೆಯಲ್ಲಿ ತಮ್ಮ ಪಾಲನ್ನೂ ಹೊತ್ತರು. ಇನ್ನೊಂದು ಕಡೆ ಅಧಿಕಾರ ಇದ್ದವರು ಅದೇ ಮಾತನ್ನು ಎದುರಿಗಿದ್ದವನಿಗೆ ಹೇಳಿದರು. ಅವನು ಆಗಲೇ ಕಲಿತಿದ್ದ, ಮೂರು ವರ್ಷ ಸಾಬೀತು ಮಾಡಿದ್ದ. ಕಾಯುವ ಬೆಲೆಯೆಲ್ಲ ಅವನ ತಲೆಗೇ ಬಿತ್ತು. ಮೊದಲನೆಯದು ಕಾಯುವುದು. ಎರಡನೆಯದು ಕಾಯಿಸುವುದು. ಮೊದಲನೆಯದಕ್ಕೆ ಖಂತಿ ಎನ್ನೋಣ. ಎರಡನೆಯದಕ್ಕೆ ಆ ಹೆಸರು ಕೊಡುವುದು ಧಮ್ಮಕ್ಕೆ ಮಾಡುವ ಅವಮಾನ.

ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆ, ಬಾಗಿಲು, ಶಾಲೆ, ಕುರ್ಚಿ ಎಲ್ಲದರ ಮುಂದೆಯೂ ನಮ್ಮ ಹಿರಿಯರಿಗೆ ಕಾಯಿರಿ ಎಂದೇ ಹೇಳಲಾಯಿತು. ಹಾಗಾಗಿ ನಮ್ಮಲ್ಲಿ ಕೆಲವರಿಗೆ ತಾಳ್ಮೆ ಎಂಬ ಪದ ಕೇಳಿದರೇ ಮೈ ಉರಿಯುತ್ತದೆ. ಆ ಉರಿ ನ್ಯಾಯವಾದದ್ದು. ಆದರೆ ಅದೇ ಉರಿಯಲ್ಲಿ ನಮ್ಮ ಮಕ್ಕಳಿಗೆ ಬೇಕಾದ ತಾಳ್ಮೆಯನ್ನೂ ಸುಟ್ಟುಬಿಡಬಾರದು. ಎಸ್ಸೆಸ್ಸೆಲ್ಸಿಯ ಒಂದು ಅಂಕಪಟ್ಟಿ, ಪಿಯುಸಿಯ ಒಂದು ಫೇಲು, ನೀಟ್‌ನ ಒಂದು ರ‍್ಯಾಂಕ್ ಕೂಡ ಡ್ರಾಫ್ಟ್‌ನ ಸಂಖ್ಯೆಯಂತೆಯೇ ಮಗುವಿನ ಹಣೆಗೆ ಅಂಟುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗಳು ಮೊದಲ ವರ್ಷ ಎಡವಿದರೆ, ಅವಳ 18ನ್ನು ನೋಡಿ ಅವಳ 28ರ ತೀರ್ಪು ಬರೆಯಲು ನಾವು ಯಾರು?

ತಾಳ್ಮೆ ಎಂದರೆ ಸುಳ್ಳು ಹೇಳಿ ಸಮಾಧಾನಪಡಿಸುವುದೂ ಅಲ್ಲ. ಒಳ್ಳೆಯ ಕೋಚ್ ಹುಡುಗನ ತಪ್ಪನ್ನು ಅವತ್ತೇ ತೋರಿಸುತ್ತಾನೆ, ಮರುದಿನ ಮತ್ತೆ ಅಂಗಳಕ್ಕೆ ಕಳಿಸುತ್ತಾನೆ. ಈ ಎರಡೂ ಒಟ್ಟಿಗೆ ಇರಬೇಕು. ಈ ದಾರಿ ನಿನ್ನದಲ್ಲ, ಬೇರೆ ನೋಡೋಣ ಎಂದು ಹೇಳಬೇಕಾದ ದಿನ ಬಂದರೆ ಅದನ್ನೂ ನೇರವಾಗಿ, ಮೈತ್ರಿಯಿಂದ ಹೇಳಬೇಕು. ಸುಮ್ಮನೆ ಬೆಂಚಿನ ಮೇಲೆ ಕೂರಿಸಿ ವರ್ಷ ಕಳೆಯುವುದು ದಯೆಯಲ್ಲ.

ಕಾರ್ನೆಗಿಯವರ ಕತೆಯಲ್ಲಿ ಇನ್ನೊಂದು ಭಾಗವಿದೆ. 1950ರ ದಶಕದಲ್ಲಿ ಅವರು ಮಕ್ಕಳಿಗಾಗಿ ‘ಫ್ಯೂಚರ್ ಏಸಸ್’ ಎಂಬ ಹಾಕಿ ಶಾಲೆ ಕಟ್ಟಿದರು. ಆಟದ ಜೊತೆಗೆ ನಡತೆ, ಗೌರವ, ಒಬ್ಬರಿಗೊಬ್ಬರು ಆಗುವುದನ್ನು ಕಲಿಸಿದರು. ತನಗೆ ಯಾರೂ ಕೊಡದಿದ್ದ ನಿಮಿಷಗಳನ್ನು ಅವರು ಊರ ಮಕ್ಕಳಿಗೆ ಕೊಟ್ಟರು. ಹಾಲ್ ಆಫ್ ಫೇಮ್ ಅವರನ್ನು ಕೊನೆಗೆ ಸೇರಿಸಿಕೊಂಡದ್ದು ಆಟಗಾರನೆಂದಲ್ಲ, ಆಟವನ್ನು ಕಟ್ಟಿದವನೆಂದು.

ಬಂಧುಗಳೇ, ಇಂದು ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ನನ್ನ ಮನೆಯಲ್ಲಿ, ಕೆಲಸದ ಜಾಗದಲ್ಲಿ, ಸಂಘದಲ್ಲಿ ನಿಧಾನವಾಗಿ ಕಲಿಯುತ್ತಿರುವವರು ಯಾರು, ಅವರಿಗೆ ನಾನು ಇವತ್ತು ಎಷ್ಟು ನಿಮಿಷ ಕೊಟ್ಟೆ? ಆಗಲೇ ಸಿದ್ಧರಾಗಿರುವ ಯಾರನ್ನಾದರೂ ನಾನು ಇನ್ನೂ ಕಾಯಿಸುತ್ತಿದ್ದೇನೆಯೇ?

ಸಂಜೆಯ ವಂದನೆಗೆ ಕೂರುವ ಮೊದಲು ಇವಕ್ಕೆ ಉತ್ತರ ಹುಡುಕಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.